ಹಳೆಮನೆಗೆ ಕ್ಯಾಮೆರಾ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಲೆನಾಡಿನ ತೊಟ್ಟಿಮನೆ (ನಡುವೆ ತೆರೆದ ತೊಟ್ಟಿ ಇರುವ ಮನೆ), ಕೊಡಗಿನ ಐನ್‌ಮನೆ (ಕುಲದ ಮೂಲಮನೆ), ಕರಾವಳಿಯ ಗುತ್ತಿನ ಮನೆಗಳನ್ನು ಸಿನಿಮಾ, ಧಾರಾವಾಹಿಯವರು ಹುಡುಕಿಕೊಂಡು ಬರುತ್ತಾರೆ. ಮನೆ ಕೊಡಬಹುದೇ, ಕೊಟ್ಟರೆ ಹೇಗೆ ಕೊಡಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ನಮ್ಮದು ನೂರು ವರ್ಷ ದಾಟಿದ ತೊಟ್ಟಿಮನೆ. ಸಿನಿಮಾದವರು ಡಿಸೆಂಬರಿನಲ್ಲಿ 18 ದಿನಕ್ಕೆ ಕೇಳಿದ್ದಾರೆ. ಮ್ಯಾನೇಜರ್ ನಾಳೆಯೇ ಅಡ್ವಾನ್ಸ್ ತರುತ್ತೇನೆ ಅನ್ನುತ್ತಿದ್ದಾರೆ. ಮೊದಲು ಏನು ಮಾಡಬೇಕು? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ನಾಳೆ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಹಣ ಕೈಗೆ ಬಂದಮೇಲೆ "ಇದು ಆಗಲ್ಲ" ಅನ್ನಲು ಬಾಯಿ ಬರುವುದಿಲ್ಲ.

ಡಿಸೆಂಬರ್ ಎಂದರೆ ನಿಮ್ಮ ಕಡೆ ಅಡಿಕೆ ಕೊಯ್ಲು. ಅಂಗಳದ ತುಂಬ ಚಪ್ಪರ, ಮೇಲೆ ಒಣಗಲು ಹರಡಿದ ಬೇಯಿಸಿದ ಅಡಿಕೆ, ಹಿತ್ತಲಲ್ಲಿ ಒಲೆ, ಸುಲಿಯುವವರು. ಸಿನಿಮಾದವರಿಗೆ ಬೇಕಾಗುವುದೂ ಅದೇ ಅಂಗಳ. ಒಂದೇ ಅಂಗಳದಲ್ಲಿ ಎರಡೂ ನಡೆಯುವುದಿಲ್ಲ. ಚಪ್ಪರ ಕಿತ್ತರೆ ಒಂದು ವರ್ಷದ ದುಡಿಮೆಗೆ ಬೂಷ್ಟು ಹಿಡಿಯುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗಿನ ಅವಧಿ ಕೊಡಿ. ಮೇ ತಿಂಗಳನ್ನು ಹೆಂಚು ಕೈಯಾಡಿಸಲು, ಅಂದರೆ ಮಳೆಗೆ ಮೊದಲು ಸರಿಪಡಿಸಲು, ನೀವೇ ಇಟ್ಟುಕೊಳ್ಳಿ. ಅವರಿಗೆ ಕಥೆಯಲ್ಲಿ ಅಡಿಕೆ ಚಪ್ಪರವೇ ಬೇಕಿದ್ದರೆ ಚಪ್ಪರ ಇರುವಾಗ ಎರಡು ದಿನ ಬಂದು ಅಷ್ಟನ್ನು ಮಾತ್ರ ತೆಗೆದುಕೊಂಡು ಹೋಗಲಿ.

18 ದಿನದ ಶೂಟಿಂಗ್ 18 ದಿನಕ್ಕೆ ಮುಗಿಯುವುದಿಲ್ಲ. ಕಲಾ ವಿಭಾಗದವರು ನಾಲ್ಕೈದು ದಿನ ಮೊದಲೇ ಬರುತ್ತಾರೆ, ಕಟ್ಟಿದ್ದನ್ನು ಬಿಚ್ಚಲು ಎರಡು ಮೂರು ದಿನ ಬೇಕು. ಬಾಡಿಗೆ ಮಾತಾಡುವಾಗ ಆ ದಿನಗಳಿಗೂ ದರ ಹೇಳಿ. ಎಷ್ಟು ಜನ, ಎಷ್ಟು ಗಾಡಿ, ರಾತ್ರಿ ಕೆಲಸ ಉಂಟೋ ಇಲ್ಲವೋ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಾಧಾರಣ ಯೂನಿಟ್ ಎಂದರೆ 60ರಿಂದ 100 ಜನ. ತಲೆಗೆ 25 ಲೀಟರ್ ಎಂದರೂ 80 ಜನಕ್ಕೆ ದಿನಕ್ಕೆ 2,000 ಲೀಟರ್ ನೀರು. ಮಾರ್ಚಿನಲ್ಲಿ ನಿಮ್ಮ ಬಾವಿಗೆ ಅಷ್ಟು ಕೊಡುವ ಶಕ್ತಿ ಇಲ್ಲದಿರಬಹುದು, ಆರೇಳು ಜನಕ್ಕೆಂದು ಕಟ್ಟಿದ ಶೌಚದ ಗುಂಡಿಗಂತೂ ಅಷ್ಟು ಜನರನ್ನು ತಾಳುವ ಶಕ್ತಿ ಖಂಡಿತ ಇರುವುದಿಲ್ಲ. ನೀರಿನ ಟ್ಯಾಂಕರ್ ಮತ್ತು ತಾತ್ಕಾಲಿಕ ಶೌಚಾಲಯ ಅವರ ಖರ್ಚಿನಲ್ಲೇ ಬರಲಿ.

ಆಮೇಲೆ ಮ್ಯಾನೇಜರ್ ಒಬ್ಬರನ್ನೇ ಅಲ್ಲ, ಛಾಯಾಗ್ರಾಹಕರನ್ನೂ ಕಲಾ ನಿರ್ದೇಶಕರನ್ನೂ ಕರೆಸಿಕೊಂಡು ಮನೆಯೊಳಗೆಲ್ಲ ಒಟ್ಟಿಗೆ ಓಡಾಡಿ. ಮನೆಯನ್ನು ನಿಜವಾಗಿ ಬಳಸುವವರು ಅವರಿಬ್ಬರು. ಯಾವ ಕೋಣೆ ಕೊಡುತ್ತೀರಿ, ಯಾವುದು ಬೀಗ ಹಾಕಿರುತ್ತದೆ ಎಂದು ಅಲ್ಲೇ ನಿಂತು ಹೇಳಿ. ದೇವರ ಕೋಣೆ, ಪಣತ (ಭತ್ತದ ಕಣಜ), ಹಳೆಯ ಪತ್ರಗಳಿರುವ ಪೆಟ್ಟಿಗೆ ಇಟ್ಟ ಕೋಣೆ ಮುಚ್ಚಿರಲಿ.

ದಾಖಲೆ ಮಾಡುವ ಕೆಲಸಕ್ಕೆ ಒಂದು ಇಡೀ ದಿನ ಬೇಕು, ಅದನ್ನು ಉಳಿಸಲು ಹೋಗಬೇಡಿ. ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಮುಚ್ಚಿಗೆ (ಮರದ ಸೀಲಿಂಗ್). ಪ್ರತಿ ಕಂಬದ ಬುಡ ಮತ್ತು ಬೋದಿಗೆ (ಕಂಬದ ತಲೆ). ಬಾಗಿಲ ಚಿಲಕ, ಹಿತ್ತಾಳೆ ಗುಬುಟು ಎಲ್ಲದರ ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಇರುವ ಬಿರುಕುಗಳ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಬಿರುಕು ಬೆಳೆದರೆ ಗೆರೆ ದಾಟಿರುತ್ತದೆ, ವಾದಕ್ಕೆ ಎಡೆಯೇ ಇಲ್ಲ. ಒಡೆದ ಹೆಂಚು, ಸಡಿಲವಾದ ಮೆಟ್ಟಿಲು ಮುಂತಾಗಿ ಮೊದಲೇ ಇದ್ದ ಕೊರತೆಗಳನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಪಟ್ಟಿಯ ಎರಡು ಪ್ರತಿಗೂ ಇಬ್ಬರೂ ಸಹಿ ಹಾಕಬೇಕು.

ಕರಾರನ್ನು ಛಾಪಾ ಕಾಗದದ ಮೇಲೆ ಮಾಡಿಸಿ. ಬಾಡಿಗೆ ಬೇರೆ, ಠೇವಣಿ ಬೇರೆ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಹಾನಿಯಾದರೆ ನೀವು ಹೇಳಿದ ಆಚಾರಿ, ನೀವು ಹೇಳಿದ ಗಾರೆಯವರೇ ರಿಪೇರಿ ಮಾಡುತ್ತಾರೆ, ಕೂಲಿ ಅವರದ್ದು ಎಂಬ ಮಾತು ಇರಲೇಬೇಕು. ಇಲ್ಲದಿದ್ದರೆ ಸೆಟ್ ಬಡಗಿಯೇ ಬಂದು ಹಲಸಿನ ಕಂಬಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಹೋಗುತ್ತಾನೆ. ಜನಕ್ಕೆ, ಆಸ್ತಿಗೆ ಆಗುವ ಅನಾಹುತಕ್ಕೆ ಅವರು ಮಾಡಿಸುವ ಹೊಣೆಗಾರಿಕೆ ವಿಮೆಯಲ್ಲಿ ನಿಮ್ಮ ಹೆಸರೂ ಸೇರಿರಬೇಕು, ಪಾಲಿಸಿಯ ಪ್ರತಿ ಶೂಟಿಂಗಿಗೆ ಮೊದಲು ನಿಮ್ಮ ಕೈಯಲ್ಲಿರಬೇಕು.

ಕಲಾ ನಿರ್ದೇಶಕರು ಜಗುಲಿಯ ಸುಣ್ಣದ ಗೋಡೆಗೆ ಕಡುನೀಲಿ ಬಣ್ಣ ಹೊಡೆದು "ಹಳೇ ಲುಕ್" ಕೊಡುತ್ತೇವೆ, ಹೋಗುವಾಗ ಬಿಳಿ ಬಳಿದು ಕೊಡುತ್ತೇವೆ ಎನ್ನುತ್ತಾರೆ. ಒಂದು ಗೋಡೆಯ ಮೇಲೆ ಅಜ್ಜಿ ಬರೆದ ಹಸೆ ಚಿತ್ತಾರ ಇದೆ. (ಸಾಗರ)

ಬಿಳಿ ಬಳಿದು ಕೊಡುತ್ತೇವೆ ಎನ್ನುವ ಆ ಮಾತಿನಲ್ಲೇ ಅಪಾಯ ಇದೆ. ಯಾವ ಬಿಳಿ?

ಮಣ್ಣಿನ ಗೋಡೆ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತವೆ, ಸುಣ್ಣದ ಮೂಲಕ ಅದನ್ನು ಹೊರಗೆ ಬಿಡುತ್ತವೆ. ಅಂಗಡಿಯ ಪ್ಲಾಸ್ಟಿಕ್ ಪೇಂಟ್ ಈ ದಾರಿಯನ್ನು ಮುಚ್ಚಿಬಿಡುತ್ತದೆ. ಹಚ್ಚಿದ ದಿನ ಚೆಂದವೇ ಕಾಣುತ್ತದೆ. ಒಂದು ಮಳೆಗಾಲ ಕಳೆಯಲಿ, ಒಳಗೆ ಸಿಕ್ಕಿಬಿದ್ದ ತೇವ ಗುಳ್ಳೆ ಎಬ್ಬಿಸುತ್ತದೆ, ಉಪ್ಪು ಹೊರಬರುತ್ತದೆ, ಗುಳ್ಳೆಯ ಜೊತೆಗೆ ಗಾರೆಯೂ ಹಾಳೆಹಾಳೆಯಾಗಿ ಉದುರುತ್ತದೆ. ಆಗ ಸಿನಿಮಾ ಬಿಡುಗಡೆಯಾಗಿ ವರ್ಷವಾಗಿರುತ್ತದೆ, ಮ್ಯಾನೇಜರ್ ಫೋನ್ ಎತ್ತುವುದಿಲ್ಲ.

ಗೋಡೆ ಮುಟ್ಟದೆ ನೀಲಿ ಗೋಡೆ ತೋರಿಸಲು ಅವರಿಗೆ ಬರುತ್ತದೆ, ಅದು ಅವರ ಕಸುಬು. ಮರದ ಚೌಕಟ್ಟಿಗೆ ತೆಳು ಪ್ಲೈವುಡ್ ಅಥವಾ ಕೋರಾ ಬಟ್ಟೆ ಬಿಗಿದು, ಅದಕ್ಕೆ ಬಣ್ಣ ಹಚ್ಚಿ, ನಿಮ್ಮ ಗೋಡೆಯಿಂದ 5 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಲಿ. ಆಸರೆ ನೆಲದ ಮೇಲಿಂದ, ಮರಳಿನ ಚೀಲದ ಭಾರದಿಂದ ಬರಬೇಕು. ಗೋಡೆಗೆ ಒಂದು ಮೊಳೆಯೂ ಬೇಡ. ಮಣ್ಣಿನ ಗೋಡೆಗೆ ಹೊಡೆದ ಮೊಳೆ ಕೀಳುವಾಗ ಬೊಗಸೆಯಷ್ಟು ಗಾರೆ ಕಿತ್ತುಕೊಂಡು ಬರುತ್ತದೆ. ಚಹಾ ಡಿಕಾಕ್ಷನ್, ಮಸಿ, ಕಾಫಿ ಬಳಿದು ಹಳೆಯದಾಗಿಸುವ ಆಟ ಕೂಡ ಆ ಚೌಕಟ್ಟಿನ ಮೇಲೆಯೇ ನಡೆಯಲಿ. ಸುಣ್ಣ ಹೀರಿಕೊಂಡ ಕಲೆ ತೊಳೆದರೆ ಹೋಗುವುದಿಲ್ಲ.

ನಿಜವಾದ ಗೋಡೆಗೇ ಬಣ್ಣ ಬೇಕೆಂದು ಹಟ ಹಿಡಿದರೆ ಸುಣ್ಣಕ್ಕೇ ನೀಲಿ ಬೆರೆಸಿ ಹಚ್ಚಲಿ, ಹಳೆಯ ಮನೆಗಳಲ್ಲಿ ಅದು ಇದ್ದದ್ದೇ. ಬಾಗಿಲ ಹಿಂದೆ ಒಂದು ಅಡಿ ಜಾಗದಲ್ಲಿ ಮೊದಲು ಹಚ್ಚಿ ನೋಡಿ. ತಿರುಗಿ ಬಿಳಿ ಮಾಡಲು ಮೂರು ನಾಲ್ಕು ಕೈ ಸುಣ್ಣ ಬೇಕಾಗುತ್ತದೆ, ಆ ಕೂಲಿಯನ್ನು ಕರಾರಿನಲ್ಲಿ ಬರೆಸಿ. ಸುಣ್ಣ ಹೊಡೆಯುವ ಕ್ರಮ ತಿಳಿದವರು ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಹೇಳಿಬಿಡುತ್ತೇವೆ. ನೀರಿಗೆ ಸುಣ್ಣದ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅರಳಿದ ಸುಣ್ಣವನ್ನು ಕೆಲವು ದಿನ ನೀರಿನಲ್ಲೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಒಂದು ಹಿಡಿ ಉಪ್ಪು ಮತ್ತು ಸ್ವಲ್ಪ ಅಂಟು ಸೇರಿಸಿ. ಗೋಡೆಯನ್ನು ಒದ್ದೆ ಮಾಡಿಕೊಂಡು ಹಚ್ಚಿ. ಒಂದು ಕೈಗೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಿ. ದಪ್ಪಗೆ ಒಂದೇ ಸಲ ಬಳಿದರೆ ಪುಡಿಯಾಗಿ ಬಟ್ಟೆಗೆ ಅಂಟುತ್ತದೆ.

ಚಿತ್ತಾರದ ಗೋಡೆ ಬೇರೆಯೇ ಮಾತು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಗುರುಗೆ ಬೀಜದ ಹಳದಿ, ಪುಂಡಿನಾರಿನ ಕುಂಚದಲ್ಲಿ ಬರೆದದ್ದು. ಒದ್ದೆ ಬಟ್ಟೆ ಒಂದು ಸಲ ತಾಗಿದರೆ ಹೋಯಿತು. ಅದರ ಮುಂದೆ ಒಂದು ಅಡಿ ಬಿಟ್ಟು ಮರದ ಚೌಕಟ್ಟು ನಿಲ್ಲಿಸಿ ಹತ್ತಿ ಬಟ್ಟೆ ಇಳಿಬಿಡಿ. ಪ್ಲಾಸ್ಟಿಕ್ ಹೊದಿಸಬೇಡಿ, ಬೆವರಿ ಬಣ್ಣ ಕದಡುತ್ತದೆ. ಚಿತ್ತಾರ ದೃಶ್ಯದಲ್ಲಿ ಬರುವುದಾದರೆ ದೂರದಿಂದ ತೆಗೆದುಕೊಳ್ಳಲಿ, ಆದರೆ ಅದಕ್ಕೆ ಒರಗಿ ನಿಲ್ಲುವ ನಟರಿರಬಾರದು. ಗೋಡೆಗೆ ಒರಗುವುದು ನಮ್ಮ ಜನಕ್ಕೆ ಎಷ್ಟು ಸಹಜ ಎಂದರೆ, ಹೇಳದೆ ಹೋದರೆ ಅರ್ಧ ಗಂಟೆಯಲ್ಲಿ ಯಾರಾದರೂ ಒರಗಿಯೇ ಇರುತ್ತಾರೆ.

ನಾಯಕಿಯ ಜೊತೆ ಇಪ್ಪತ್ತು ಜನ ಉಪ್ಪರಿಗೆಯಲ್ಲಿ ಕುಣಿಯುವ ಹಾಡಂತೆ. ಮರದ ಹಲಗೆಯ ನೆಲ, ಗಟ್ಟಿಯಾಗಿಯೇ ಇದೆ. ಬಿಡಬಹುದೇ? (ಶಿರಸಿ)

ಬಿಡಬೇಡಿ.

ಲೆಕ್ಕ ನೋಡಿ. ಇಪ್ಪತ್ತು ಜನ, ತಲೆಗೆ 65 ಕಿಲೋ, ಒಟ್ಟು 1,300 ಕಿಲೋ. ಉಪ್ಪರಿಗೆಯ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ ಇದ್ದರೆ ಸುಮಾರು 11 ಚದರ ಮೀಟರ್, ಅಂದರೆ ಚದರ ಮೀಟರಿಗೆ 118 ಕಿಲೋ. ಈಗಿನ ವಾಸದ ಮನೆಯ ಮಹಡಿಯನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಓಡಾಟದ ಭಾರ ಎಂದು ಲೆಕ್ಕ ಹಿಡಿದು ಕಟ್ಟುತ್ತಾರೆ. ಸುಮ್ಮನೆ ನಿಂತರೆ ತಾಳೀತು ಎನ್ನಿಸುತ್ತದೆ. ಆದರೆ ತಾಳಕ್ಕೆ ಎಲ್ಲರೂ ಒಟ್ಟಿಗೆ ಜಿಗಿದು ಇಳಿದಾಗ ಬೀಳುವ ಏಟು ಅವರ ತೂಕದ ಎರಡು ಪಟ್ಟನ್ನೂ ಮೀರಬಹುದು. ಅದರ ಮೇಲೆ ಟ್ರ್ಯಾಕ್, ಟ್ರಾಲಿ, ಕ್ಯಾಮೆರಾ, ತಳ್ಳುವವರು ಎಂದು ಇನ್ನೊಂದು 300 ಕಿಲೋ ಒಂದೇ ಕಡೆ ಬೀಳುತ್ತದೆ. ಟೇಕು ಹತ್ತಾದರೂ ಆಗುತ್ತದೆ.

ನಿಮ್ಮ ತೊಲೆಗಳು ನಡುವೆ ಗಟ್ಟಿಯಾಗಿದ್ದರೂ ಗೋಡೆಯೊಳಗೆ ಹೊಕ್ಕ ತುದಿ ಹೇಗಿದೆ ಎಂಬುದೇ ಪ್ರಶ್ನೆ. ಸೋರಿದ ನೀರು ಇಳಿದು ಕೊಳೆಯುವುದೂ ಗೆದ್ದಲು ಹಿಡಿಯುವುದೂ ಅಲ್ಲೇ. ಗೋಡೆಯ ಪಕ್ಕದಲ್ಲಿ ತೊಲೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳ್ಳೆಯ ಮರಕ್ಕೆ ಗೀರು ಬೀಳುತ್ತದೆ ಅಷ್ಟೇ, ಕೊಳೆತದ್ದರಲ್ಲಿ ತುದಿ ಇಳಿದುಹೋಗುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಪೊಳ್ಳಿನ ಸದ್ದು ಬೇರೆಯೇ ಕೇಳುತ್ತದೆ. ಪೊಳ್ಳಿದ್ದರೆ ನಾಲ್ಕು ಜನ ಹತ್ತುವುದಕ್ಕೂ ಯೋಚಿಸಿ.

ಕಿಟಕಿಯಿಂದ ನಾಯಕಿ ಇಣುಕುವ ದೃಶ್ಯಕ್ಕೆ ಎಲ್ಲ ಸೇರಿ ನಾಲ್ಕೈದು ಜನ ಸಾಕು. ಕುಣಿತ ಅಂಗಳದಲ್ಲಿ ಆಗಲಿ, ಇಲ್ಲವೇ ಹಲಗೆ ಹಾಕಿ ಹೊರಗೆ ವೇದಿಕೆ ಕಟ್ಟಿಕೊಳ್ಳಲಿ. "ಕೆಳಗಿನಿಂದ ಜ್ಯಾಕ್ ಕೊಡುತ್ತೇವೆ" ಎಂದರೆ ಹುಷಾರು: ಕಬ್ಬಿಣದ ಜ್ಯಾಕನ್ನು ಬಿಗಿ ಮಾಡಿದರೆ ತೊಲೆ ಮೇಲೆದ್ದು ಹೆಂಚಿನ ಸಾಲು ಸಡಿಲವಾಗುತ್ತದೆ, ಕೆಳಗೆ ಹಲಗೆ ಇಡದಿದ್ದರೆ ಕೆಂಪು ನೆಲ ಗುಳಿ ಬೀಳುತ್ತದೆ.

"ಎರಡೇ ಎಲ್‌ಇಡಿ ಲೈಟು, ಮನೆಯ ಪ್ಲಗ್ಗಿಗೇ ಹಾಕುತ್ತೇವೆ" ಎನ್ನುತ್ತಾರೆ. ತೊಂದರೆ ಉಂಟೇ? (ಕಾರ್ಕಳ)

ಮನೆ ಸುಡುವ ಹೊರೆ ಬರುವುದು ಕ್ಯಾಮೆರಾ ಮುಂದಿನ ಲೈಟಿಗಿಂತ ಹೆಚ್ಚಾಗಿ ಮೇಕಪ್ ಕೋಣೆಯಿಂದ. ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ, ನೀರು ಕಾಯಿಸುವ ಕೆಟಲ್ ಒಂದೊಂದೂ ಒಂದರಿಂದ ಎರಡು ಕಿಲೋವ್ಯಾಟ್. 230 ವೋಲ್ಟಿನಲ್ಲಿ 1 ಕಿಲೋವ್ಯಾಟ್‌ಗೆ 4.3 ಆಂಪಿಯರ್ ಬೇಕು. ಮೂರನ್ನೂ ಒಂದೇ ಎಳೆತಂತಿಗೆ (ಎಕ್ಸ್‌ಟೆನ್ಶನ್) ಹಾಕಿದರೆ 15 ಆಂಪಿಯರಿನ ಪ್ಲಗ್ ದಾಟಬಹುದು. ದೊಡ್ಡ 4 ಕಿಲೋವ್ಯಾಟ್ ಲೈಟ್ ಒಂದಕ್ಕೇ 17 ಆಂಪಿಯರ್ ಮೀರುತ್ತದೆ. ಮರದ ಪಟ್ಟಿಯ ಮೇಲೆ ಓಡುವ ಹಳೆಯ ವೈರಿನ ರಬ್ಬರು ಒಣಗಿ ಬಿರಿದಿರುತ್ತದೆ. ಪಿಂಗಾಣಿ ಫ್ಯೂಸಿಗೆ ಯಾರೋ ದಪ್ಪ ತಂತಿ ಕಟ್ಟಿದ್ದರೆ ಫ್ಯೂಸ್ ಹಾರುವ ಬದಲು ಗೋಡೆಯೊಳಗಿನ ವೈರೇ ಕಾಯುತ್ತದೆ. ಮೇಲಾಗಿ ಗೃಹಬಳಕೆಯ ಸಂಪರ್ಕವನ್ನು ವಾಣಿಜ್ಯ ಕೆಲಸಕ್ಕೆ ಬಳಸುವುದು ವಿದ್ಯುತ್ ಕಾಯ್ದೆ, 2003ರ ಪ್ರಕಾರ ಅನಧಿಕೃತ ಬಳಕೆ. ದಂಡ ಬರುವುದು ಮೀಟರ್ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಮೇಕಪ್ ಕೋಣೆಗೂ ಸೇರಿಸಿ ಎಲ್ಲವೂ ಜನರೇಟರಿನಿಂದಲೇ ನಡೆಯಲಿ. ಅವರ ಹಂಚಿಕೆ ಪೆಟ್ಟಿಗೆಯಲ್ಲಿ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಇರಬೇಕು, ಅದರ ಅರ್ಥಿಂಗ್ ಪ್ರತ್ಯೇಕವಾಗಿರಬೇಕು. ಜನರೇಟರ್ ವ್ಯಾನನ್ನು ಬಾವಿಯ ಕಟ್ಟೆ, ಶೌಚದ ಗುಂಡಿ, ಜಂಬಿಟ್ಟಿಗೆ ತಡೆಗೋಡೆಯ ಮೇಲಂಚು ಇವುಗಳ ಹತ್ತಿರ ನಿಲ್ಲಿಸಬಾರದು. ಕೇಬಲ್ ಹೊಸ್ತಿಲ ಮೇಲೆ ಹಾಯುವಲ್ಲಿ ದಪ್ಪ ರಬ್ಬರ್ ಹಾಸಿರಲಿ. ಕಿಟಕಿಯ ಬಾಗಿಲನ್ನು ಕೇಬಲ್ ಮೇಲೆ ಒತ್ತಿ ಮುಚ್ಚಿದರೆ ತಿರುಗಣೆ ಕೀಳುತ್ತದೆ. ಬಿಸಿಯಾಗುವ ಲೈಟುಗಳು ಮುಚ್ಚಿಗೆಯಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ.

ಶೂಟಿಂಗ್ ಮುಗಿದಮೇಲೆ ಕೆಂಪು ಗಾರೆ ನೆಲದ ಮೇಲೆ ಟೇಪಿನ ಅಂಟು, ಮೇಣದ ಹನಿ, ಒಂದಷ್ಟು ಬಿಳಿ ಮಬ್ಬು ಉಳಿದಿದೆ. (ಕೊಪ್ಪ)

ಅಂಟಿಗೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ನೆನೆಸಿ ಹತ್ತು ಹದಿನೈದು ನಿಮಿಷ ಇಟ್ಟು, ಮರದ ಚಕ್ಕೆಯಿಂದ ಒರೆಸಿ, ಅಂಟುವಾಳದ ನೀರಿನಲ್ಲಿ ತೊಳೆಯಿರಿ. ಮೇಣದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಬಿರುಸಾಗಿ ಎದ್ದು ಬರುತ್ತದೆ. ಬ್ಲೇಡು, ಥಿನ್ನರ್ ಬೇಡ. ಶೌಚಾಲಯ ತೊಳೆಯುವ ಆಸಿಡ್ ಬೇಡವೇ ಬೇಡ, ಅದು ಸಿಮೆಂಟನ್ನೇ ತಿನ್ನುತ್ತದೆ. ಮಬ್ಬು ಬಂದದ್ದು ಬಹುಶಃ ನೆಲದ ಮೇಲೆ ನೇರ ಪ್ಲಾಸ್ಟಿಕ್ ಹಾಸಿ ಮೇಲೆ ಪ್ಲೈ ಇಟ್ಟದ್ದರಿಂದ. ತೇವ ಒಳಗೇ ಉಳಿದು ಉಪ್ಪು ಎದ್ದಿದೆ. ಕೆಲವು ವಾರ ಗಾಳಿಯಾಡಲು ಬಿಡಿ, ಒಣಬಟ್ಟೆಯಲ್ಲಿ ಒರೆಸುತ್ತಿರಿ, ಪೂರ್ತಿ ಒಣಗುವವರೆಗೆ ಎಣ್ಣೆ ಹಚ್ಚಬೇಡಿ. ಆಳವಾದ ಗೀರು ಇದ್ದರೆ ಹಾಗೇ ಇರಲಿ. ಹೊಸ ತೇಪೆಯ ಕೆಂಪು ಹಳೆಯ ಕೆಂಪಿಗೆ ಹೊಂದುವುದೇ ಇಲ್ಲ.

ಮುಂದಿನ ಸಲ ಹೀಗೆ ಮಾಡಿ: ಮೊದಲು ಚೆನ್ನಾಗಿ ಗುಡಿಸಿ, ಮೇಲೆ ಜಮಖಾನೆ, ಅದರ ಮೇಲೆ 12 ಮಿಲಿಮೀಟರ್ ಪ್ಲೈ. ಗುಡಿಸದೆ ಹಾಸಿದರೆ ನಡುವಿನ ಮರಳೇ ಉಪ್ಪುಕಾಗದದಂತೆ ನೆಲ ಉಜ್ಜುತ್ತದೆ. ಲೈಟ್ ಸ್ಟ್ಯಾಂಡಿನ ಕಾಲಿಗೆ ಟೆನಿಸ್ ಚೆಂಡು ಸೀಳಿ ಸಿಕ್ಕಿಸಿದರೆ ಸಾಕು. ನಟರು ನಿಲ್ಲುವ ಗುರುತಿಗೆ ಕಾಗದದ ಟೇಪ್ ಬಳಸಿ ಅಂದೇ ಸಂಜೆ ತೆಗೆಯಬೇಕು.

ತೊಟ್ಟಿಯಲ್ಲಿ ಮಳೆಯ ದೃಶ್ಯ, ಒಳಗೆ ಹೊಗೆ. ತೊಟ್ಟಿ ಇರುವುದೇ ಮಳೆ ನೀರಿಗಲ್ಲವೇ, ಏನಾದೀತು? (ಶೃಂಗೇರಿ)

ತೊಟ್ಟಿ ಕಟ್ಟಿದ್ದು ಆಕಾಶದ ಮಳೆಗೆ, ಟ್ಯಾಂಕರಿನ ಮಳೆಗಲ್ಲ. ನಿಮ್ಮ ತೊಟ್ಟಿ ಮೂರು ಮೀಟರಿಗೆ ಮೂರು ಮೀಟರ್ ಇದ್ದರೆ 9 ಚದರ ಮೀಟರ್. 6,000 ಲೀಟರಿನ ಟ್ಯಾಂಕರನ್ನು ಅದರ ಮೇಲೆ ಅರ್ಧ ಗಂಟೆಯಲ್ಲಿ ಖಾಲಿ ಮಾಡಿದರೆ ಅದು 667 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಇಡೀ ವರ್ಷಕ್ಕೆ ಬೀಳುವುದು ಏಳು ಸಾವಿರ ಮಿಲಿಮೀಟರ್ ಚಿಲ್ಲರೆ. ಸುತ್ತಲಿನ ಮಾಡಿನ ನೀರೂ ತೊಟ್ಟಿಗೇ ಬರುತ್ತದೆ, ನಿಜ. 50 ಚದರ ಮೀಟರ್ ಮಾಡಿನಿಂದ ಗಂಟೆಗೆ 50 ಮಿಲಿಮೀಟರ್ ಮಳೆಗೆ 2,500 ಲೀಟರ್ ಇಳಿಯುತ್ತದೆ, ಮೋರಿ ಅದನ್ನು ಸಾಗಿಸುತ್ತದೆ. ಟ್ಯಾಂಕರ್ ಸುರಿಯುವುದು ಗಂಟೆಗೆ 12,000 ಲೀಟರಿನ ವೇಗದಲ್ಲಿ. ಮೋರಿ ಕಟ್ಟಿಕೊಂಡು ನೀರು ಜಗುಲಿಗೆ ಏರುತ್ತದೆ. ಪೈಪಿನ ಮಳೆ ಓರೆಯಾಗಿಯೂ ಹೊಡೆಯುವುದರಿಂದ ಎಂದೂ ನೀರು ಕಾಣದ ಒಳಗೋಡೆ ನೆನೆಯುತ್ತದೆ. ಮಣ್ಣಿನ ಗೋಡೆಯ ಬುಡ ನೆನೆದರೆ ಮೇಲಿನ ಭಾರಕ್ಕೆ ಕುಸಿಯುತ್ತದೆ, ಕೆಲವು ಸಲ ಎರಡು ದಿನ ಬಿಟ್ಟು.

ಒಪ್ಪುವುದಾದರೆ ಮೋರಿಯನ್ನು ಮೊದಲು ಶುದ್ಧ ಮಾಡಿ ಎರಡು ಕೊಡ ನೀರು ಸುರಿದು ಹರಿವು ನೋಡಿ. ಸಿಂಪಡಿಸುವ ಬಾಯಿ ತೊಟ್ಟಿಯ ನಡುವಿಗೆ ನೆಟ್ಟಗೆ ಇಳಿಯಲಿ, ಒಳಗೋಡೆಯ ಬುಡಕ್ಕೆ ಟಾರ್ಪಾಲು ಇರಲಿ, ನೀರು ಹೊರಗೆಳೆಯಲು ಸಣ್ಣ ಪಂಪ್ ಸಿದ್ಧವಿರಲಿ. ಐದು ನಿಮಿಷ ಸುರಿಸಿ ನಿಲ್ಲಿಸಿ, ನೀರು ಇಳಿದ ಮೇಲೆ ಮತ್ತೆ. ದೃಶ್ಯ ಮುಗಿದ ಕೂಡಲೇ ಟಾರ್ಪಾಲು ತೆಗೆದು ಗೋಡೆ ಒಣಗಲು ಬಿಡಿ.

ಹೊಗೆಗೆ ನೀರಿನ ದ್ರಾವಣದ ಯಂತ್ರ ತರಲಿ. ಎಣ್ಣೆಯ ಹೊಗೆ ಮುಚ್ಚಿಗೆಯ ಮೇಲೆ ಜಿಡ್ಡಾಗಿ ಕೂತು ಧೂಳು ಹಿಡಿಯುತ್ತದೆ. ಕೆಂಡದ ಮೇಲೆ ಸಾಮ್ರಾಣಿ ಹಾಕಿ ಮನೆ ತುಂಬ ಓಡಾಡಿಸುವ ಪದ್ಧತಿಯನ್ನು ಮರದ ಮನೆಯೊಳಗೆ ಬಿಡಲೇಬಾರದು. ಅಟ್ಟದಲ್ಲಿ ಒಣಹುಲ್ಲು, ಹಳೇ ಗೋಣಿ, ಜೇಡರ ಬಲೆ ಇರುತ್ತವೆ. ಹಾರಿದ ಕಿಡಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳುತ್ತದೆ. ವಿದ್ಯುತ್ ಬೆಂಕಿಗೆ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಬೇಕು, ಆದರೆ ಅದು ಮರದ ಕೆಂಡವನ್ನು ತಣಿಸುವುದಿಲ್ಲ. ಅದಕ್ಕೆ ನೀರೇ ಬೇಕು, ವಿದ್ಯುತ್ ಕಡಿದ ಮೇಲೆ. ಎರಡನ್ನೂ ಇಡಿಸಿ. ಪ್ಯಾಕಪ್ ಆದ ಮೇಲೆ ಒಂದು ಗಂಟೆ ಕಾವಲು ಇರಬೇಕು.

ಆಗುಂಬೆಯ ದೊಡ್ಡಮನೆಯನ್ನು ನೋಡಬೇಕೆಂದಿದೆ. ಅಲ್ಲಿ ಏನು ಗಮನಿಸಬೇಕು? (ಬೆಂಗಳೂರು)

ಶಂಕರ್ ನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿಯಾಗಿ ಚಿತ್ರಿಸಿದಾಗ ಆಗುಂಬೆಯೇ ಮಾಲ್ಗುಡಿಯಾಯಿತು, ದೊಡ್ಡಮನೆ ಅದರಲ್ಲಿ ಮುಖ್ಯ ತಾಣ. ದೂರದರ್ಶನದಲ್ಲಿ ಅದು 1986ರಿಂದ ಬಂತು. ಜಗುಲಿ, ತೊಟ್ಟಿ, ಕೆತ್ತಿದ ಮರದ ಕಂಬಗಳು, ಒಳಗಿನ ಅರೆಗತ್ತಲು ಎಲ್ಲ ಅಲ್ಲಿ ಇದ್ದದ್ದೇ. ಹೊಸದಾಗಿ ಕಟ್ಟಬೇಕಾದದ್ದು ಕಡಿಮೆ, ಮರೆಮಾಡಬೇಕಾದದ್ದೂ ಕಡಿಮೆ. ಲೊಕೇಶನ್ ಹುಡುಕುವವರು ಕಲಿಯಬೇಕಾದ ಪಾಠ ಅದು.

ಜಗುಲಿಯಲ್ಲಿ ಕೂತು ತೊಟ್ಟಿಯಿಂದ ಬೀಳುವ ಬೆಳಕು ಹೊತ್ತಿನಿಂದ ಹೊತ್ತಿಗೆ ಹೇಗೆ ಸರಿಯುತ್ತದೆ ನೋಡಿ. ಛಾಯಾಗ್ರಾಹಕನಿಗೆ ಆ ಮನೆ ಕೊಡುವ ದೊಡ್ಡ ಕೊಡುಗೆ ಅದೇ. ಆದರೆ ಅದು ಸಂಸಾರ ನಡೆಯುವ ಮನೆ, ಮ್ಯೂಸಿಯಂ ಅಲ್ಲ. ಬಾಗಿಲಲ್ಲಿ ನಿಂತು ಕೇಳಿ, ಒಪ್ಪಿದರೆ ಒಳಗೆ ಹೋಗಿ, ಅಡುಗೆಮನೆ, ದೇವರ ಕೋಣೆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಸಂಕೋಚವಿಲ್ಲದೆ ಅಡ್ಡಾಡಲು ಅರಸಾಳು ರೈಲು ನಿಲ್ದಾಣಕ್ಕೆ ಹೋಗಿ. ಅದೇ ಧಾರಾವಾಹಿಯಲ್ಲಿ ಕಂಡ ಆ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ನಮ್ಮ ಅಡುಗೆಮನೆಗೆ ಟೈಲ್ಸ್ ಹಾಕಿಸಿದ್ದೇವೆ. ಅದನ್ನು ಒಡೆದು ಹಳೆ ಒಲೆ ಕಟ್ಟುತ್ತೇವೆ ಎನ್ನುತ್ತಾರೆ. (ಹೊಸನಗರ)

ಒಡೆಯಬೇಕಾಗಿಲ್ಲ. ಒಂದೇ ಮನೆಯಲ್ಲಿ ಎಲ್ಲವೂ ಸಿಗಬೇಕೆಂಬ ನಿಯಮ ಸಿನಿಮಾಕ್ಕೆ ಇಲ್ಲವೇ ಇಲ್ಲ. ಇಂಗ್ಲೆಂಡಿನ ಹೈಕ್ಲೇರ್ ಕ್ಯಾಸಲ್‌ನಲ್ಲಿ 'ಡೌನ್‌ಟನ್ ಅಬಿ' ಧಾರಾವಾಹಿ ತೆಗೆದಾಗ ದೊಡ್ಡ ಕೋಣೆಗಳನ್ನಷ್ಟೇ ಅಲ್ಲಿ ಬಳಸಿದರು. ಅಡುಗೆಮನೆ, ಕೆಲಸದವರ ಕೋಣೆಗಳನ್ನು ಲಂಡನ್ನಿನ ಈಲಿಂಗ್ ಸ್ಟುಡಿಯೊದಲ್ಲಿ ಸೆಟ್ ಹಾಕಿದರು. ನೋಡುವವರಿಗೆ ಎಲ್ಲವೂ ಒಂದೇ ಮನೆ. ನಿಮ್ಮ ಕೊಟ್ಟಿಗೆಯ ಪಕ್ಕದ ಮಾಡಿನಡಿ ಮಣ್ಣಿನ ಒಲೆ, ಮಸಿ ಹಿಡಿದ ಗೋಡೆ ಕಟ್ಟಿಕೊಳ್ಳಲು ಹೇಳಿ.

ಅಂದಹಾಗೆ, ಹೊಸನಗರದ ಇನ್ನೊಬ್ಬರು ತಮ್ಮ ಹಸು ಗೌರಿ ದೃಶ್ಯದಲ್ಲಿ ಬರುತ್ತದೆಯಂತೆ ಎಂದು ಬರೆದಿದ್ದಾರೆ. ಕಥೆಯ ಭಾಗವಾಗಿ ಪ್ರಾಣಿಯನ್ನು ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮುಂಗಡ ಅನುಮತಿ ಬೇಕು, 2001ರ ನಿಯಮ ಅದು. ತರಬೇಕಾದವರು ನಿರ್ಮಾಪಕರು. ಆ ಕಾಗದ ಕಾಣುವವರೆಗೆ ಗೌರಿ ಕೊಟ್ಟಿಗೆಯಲ್ಲೇ ಇರಲಿ. ಡ್ರೋನ್ ಹಾರಿಸುವುದಿದ್ದರೆ 2021ರ ಡ್ರೋನ್ ನಿಯಮದ ವಲಯ ನಕ್ಷೆ ನೋಡಬೇಕು. ಪಕ್ಕದ ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇರೆಯೇ.

ನಮ್ಮ ಒಕ್ಕದ (ಕುಲದ) ಐನ್‌ಮನೆ ಕೇಳಿದ್ದಾರೆ. ಪಟ್ಟೆದಾರರು (ಒಕ್ಕದ ಹಿರಿಯರು) ಒಪ್ಪಿದ್ದಾರೆ, ಕೆಲವರಿಗೆ ಮನಸ್ಸಿಲ್ಲ. (ಮಡಿಕೇರಿ)

ಐನ್‌ಮನೆ ಒಬ್ಬರ ಮನೆಯಲ್ಲ. ಪಟ್ಟೆದಾರರ ಗೌರವ ದೊಡ್ಡದು, ಆದರೂ ಕರಾರಿಗೆ ಒಕ್ಕದ ಸಭೆಯ ನಿರ್ಣಯವನ್ನು ಬರೆದು ಲಗತ್ತಿಸಿ. ಮನಸ್ಸಿಲ್ಲದವರ ಮಾತನ್ನು ಷರತ್ತಾಗಿ ಮಾಡಿಕೊಂಡರೆ ಎಷ್ಟೋ ಸಲ ಒಪ್ಪಿಗೆ ಬರುತ್ತದೆ: ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪವಿರುವ ನಡುಮನೆ) ಶೂಟಿಂಗ್ ಇಲ್ಲ, ಅಲ್ಲಿನ ದೀಪವನ್ನು ಕಥೆಗೆ ಬಳಸುವಂತಿಲ್ಲ, ಕೈಮಡದ (ಹಿರಿಯರ ಗುಡಿ) ಹತ್ತಿರ ಗಾಡಿ ನಿಲ್ಲಿಸುವಂತಿಲ್ಲ, ಒಳಗೆ ಚಪ್ಪಲಿ ಇಲ್ಲ. ಐಮರದ (ಜಗುಲಿಯ ಕಂಬಗಳ ನಡುವೆ ಕೂರುವ ಹಲಗೆ) ಮೇಲೆ ಲೈಟು, ಬ್ಯಾಟರಿ ಪೆಟ್ಟಿಗೆ ಇಡುವುದನ್ನು ತಪ್ಪದೆ ತಡೆಯಿರಿ. ಕೂತು ಕೂತು ನುಣುಪಾದ ಆ ಹಲಗೆಗೆ ಕಬ್ಬಿಣದ ಮೂಲೆ ತಾಗಿದರೆ ಆದ ಗೀರು ಅಳಿಸುವಂಥದ್ದಲ್ಲ. ಪುತ್ತರಿ (ಸುಗ್ಗಿ ಹಬ್ಬ), ಕಾರೋಣ (ಹಿರಿಯರಿಗೆ ಎಡೆ) ಕೊಡುವ ದಿನಗಳನ್ನು ಮೊದಲೇ ಬಿಟ್ಟು ತಾರೀಕು ಕೊಡಿ.

ನಿನ್ನೆ ರಾತ್ರಿ ಪ್ಯಾಕಪ್ ಆಯಿತು. "ಯಾವ ಹಾನಿಯೂ ಆಗಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿ, ಠೇವಣಿ ಚುಕ್ತಾ ಮಾಡಿ ಎನ್ನುತ್ತಿದ್ದಾರೆ. (ಮೂಡಿಗೆರೆ)

ರಾತ್ರಿ ಸಹಿ ಹಾಕಬೇಡಿ. ಹಗಲಿನಲ್ಲಿ, ಅವರ ಕಡೆಯವರೊಬ್ಬರನ್ನು ಜೊತೆಗಿಟ್ಟುಕೊಂಡು, ಮೊದಲು ಮಾಡಿದ ಪಟ್ಟಿ ಮತ್ತು ಫೋಟೊ ಹಿಡಿದು ಕೋಣೆ ಕೋಣೆ ನೋಡಿ. ಬಿರುಕಿನ ಪೆನ್ಸಿಲ್ ಗೆರೆ, ಬಾಗಿಲು ಸರಾಗವಾಗಿ ಮುಚ್ಚುತ್ತದೆಯೇ, ಕಂಬಕ್ಕೆ ಕ್ಲ್ಯಾಂಪಿನ ಗುರುತು ಬಿದ್ದಿದೆಯೇ, ಮೋರಿಯಲ್ಲಿ ಅಡುಗೆಯವರು ಎಣ್ಣೆ ಸುರಿದಿದ್ದಾರೆಯೇ ನೋಡಿ. ಅಂಗಳದಲ್ಲಿ ಮೊಳೆ ಹೆಕ್ಕಲು ಅಯಸ್ಕಾಂತ ಕಟ್ಟಿದ ಕೋಲು ಎಳೆದಾಡಿಸಿ, ಅಲ್ಲಿ ನಿಮ್ಮ ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ.

ಮಾಡಿನ ಹಾನಿ ಮಾತ್ರ ಈಗ ಕಾಣುವುದಿಲ್ಲ. ಲೈಟ್ ಕಟ್ಟಲು ಹೆಂಚಿನ ಮೇಲೆ ಹತ್ತಿದವರ ಕಾಲಡಿ ಬಿರಿದ ಹೆಂಚು ಮೇಲಿನಿಂದ ನೋಡಿದರೆ ಸರಿಯಾಗಿಯೇ ಇರುತ್ತದೆ, ಮೊದಲ ಮಳೆಗೆ ಸೋರುತ್ತದೆ. ಆದ್ದರಿಂದ ಠೇವಣಿಯ ಒಂದು ಪಾಲನ್ನು ಮೊದಲ ದೊಡ್ಡ ಮಳೆಯವರೆಗೆ ಹಿಡಿದಿಡುವ ಮಾತು ಕರಾರಿನಲ್ಲಿ ಇರಬೇಕಿತ್ತು. ಇಲ್ಲದಿದ್ದರೆ ಇಂದು ಕೇಳಿ ನೋಡಿ, ಮರ್ಯಾದಸ್ಥ ನಿರ್ಮಾಪಕರು ಒಪ್ಪುತ್ತಾರೆ. ಅಷ್ಟರಲ್ಲಿ ನೀವೇ ಮಾಡಬಹುದಾದದ್ದೊಂದಿದೆ: ನೆತ್ತಿಯ ಮೇಲೆ ಬಿಸಿಲಿರುವಾಗ ಅಟ್ಟ ಹತ್ತಿ, ಬಾಗಿಲು ಕಿಟಕಿ ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಐದು ನಿಮಿಷ ಕೂರಿ. ಬಿರಿದ ಹೆಂಚಿದ್ದಲ್ಲೆಲ್ಲ ಕೂದಲೆಳೆಯಂಥ ಬೆಳಕು ಕಾಣುತ್ತದೆ. ಅದರ ನೇರ ಕೆಳಗಿನ ರೀಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿ, ಆ ಸಂಖ್ಯೆಯನ್ನು ಅವರ ಕಾಗದದ ಮೇಲೆಯೇ ಬರೆದು ಆಮೇಲೆ ಸಹಿ ಹಾಕಿ.